ವಕೀಲೆಯ ಮೊದಲ ಪ್ರಶ್ನೆ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಹೊಲಿಗೆ ಅಂಗಡಿಯಿಂದ ಎಂದುಕೊಂಡು ಒಂದು ಪುಟ ಬರೆದೆ. ಅಂಗಡಿಯವಳು, ಅವಳು ಕೈಕೂಸಿನಿಂದ ಸಾಕಿದ ಹುಡುಗಿ, ಮಹಡಿಯ ಮೇಲಿನ ಎರಡು ಕೋಣೆ, ಎಲ್ಲ ಸರಿಯಾಗಿ ಕೂತಿದ್ದವು. ಮುಂದಿನ ತಿಂಗಳು ಅಂಗಡಿಯವಳಿಗೆ ಹೃದಯದ ಆಪರೇಷನ್. ಅದಕ್ಕೆ ಮೊದಲು ಹುಡುಗಿಯನ್ನು ಕಾನೂನಿನ ಪ್ರಕಾರ ಮಗಳನ್ನಾಗಿ ಮಾಡಿಕೊಳ್ಳಲಿ ಎಂದು ವಕೀಲೆಯ ಎದುರು ಕೂರಿಸಿದೆ. ವಕೀಲೆ ಪೆನ್ನಿನ ಮುಚ್ಚಳ ತೆಗೆದು ಕೇಳಿದರು: "ನಿಮ್ಮದು ಯಾವ ಧರ್ಮ?"

ಕಥೆ ಅಲ್ಲೇ ನಿಂತಿತು. (ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸದಿದ್ದುದಕ್ಕೆ ಒಳಗೊಳಗೇ ಹೆಮ್ಮೆಯೂ ಇತ್ತು.)

೨

ವಕೀಲೆಯದೇನೂ ತಪ್ಪಿಲ್ಲ. ನನ್ನ ಕಥೆ ನಡೆಯುವ ದೇಶದಲ್ಲಿ ಕಳ್ಳತನಕ್ಕೆ ಎಲ್ಲರಿಗೂ ಒಂದೇ ಕಾನೂನು. ಮದುವೆ, ಮಕ್ಕಳು, ಆಸ್ತಿಗೆ ಮಾತ್ರ ಅವರವರ ಧರ್ಮದ್ದು. ಒಂದು ಧರ್ಮದವಳಾದರೆ ದತ್ತು ಪಡೆಯಬಹುದು, ಹುಡುಗಿ ಮಗಳಾಗುತ್ತಾಳೆ. ಇನ್ನೊಂದರವಳಾದರೆ ಇವಳು ಬರೀ ಪೋಷಕಿ. ಇವಳು ಕಣ್ಣು ಮುಚ್ಚಿದರೆ ಕೋಣೆಗಳು ಇವಳ ಅಣ್ಣನಿಗೆ. ಉಯಿಲು ಬರೆದರೂ ಹುಡುಗಿಗೆ ದಕ್ಕುವುದು ಒಂದು ಚೂರು. ಆ ಮನೆಯಲ್ಲಿ ಅವಳು ಯಾರೂ ಅಲ್ಲ.

ಅಣ್ಣ ಕೆಟ್ಟವನಲ್ಲ. (ಕೆಟ್ಟವನನ್ನಾಗಿ ಮಾಡಿದ ಕರಡನ್ನು ಹರಿದುಹಾಕಿದೆ; ತೀರಾ ಸಲೀಸಾಗಿತ್ತು.) ಹುಡುಗಿಗೆ ಸೈಕಲ್ ಕಲಿಸಿದವನೇ ಅವನು. ಅಂದದ್ದು ಇಷ್ಟೇ: "ಸಾಕ್ಕೋ, ಬೇಡ ಅಂದೋರ್ಯಾರು? ಮಗಳು ಅಂತ ಬರೆಸೋಕೆ ಮಾತ್ರ ಹೋಗ್ಬೇಡ."

೩

ಸುಲಭದ ದಾರಿ ನನ್ನ ಕೈಯಲ್ಲೇ ಇತ್ತು. ಒಂದು ಪದ ಬರೆದರೆ ಅವಳು ಮೊದಲನೆಯ ಧರ್ಮದವಳು. ಬರೆದೆ. ಅವಳು ತಲೆಯೆತ್ತಿ ನೇರ ನನ್ನನ್ನೇ ನೋಡಿದಳು. ಅಂಗಡಿಯಿಂದ ಹಾಗೇ ಬಂದಿದ್ದಳು, ಕೊರಳಲ್ಲಿ ಟೇಪು.

"ಅಳತೆ ತಗೊಳ್ದೆ ನಾನು ಯಾರ ಬಟ್ಟೆಗೂ ಕತ್ತರಿ ಹಾಕಲ್ಲ. ನೀವು ಕೇಳ್ದೇನೆ ನನ್ನ ದೇವರನ್ನೇ ಬದಲಾಯಿಸಿಬಿಟ್ರಲ್ಲ."

"ನಿಮ್ಮ ಮಗಳಿಗೋಸ್ಕರ ಅಮ್ಮಾ," ಎಂದೆ.

"ನಮ್ಮಮ್ಮ ಹೋದಾಗ ಹೇಳಿದ ಪ್ರಾರ್ಥನೇನೇ ಇವಳಿಗೂ ಕಲಿಸಿದೀನಿ. ಈಗ ಅದು ನಮ್ದಲ್ಲ ಅಂತ ಹೆಂಗೆ ಹೇಳ್ಲಿ?"

ಪದವನ್ನು ಅಳಿಸಿದೆ.

೪

ಅಂತ್ಯ ಒಂದು: ಆಪರೇಷನ್ ಚೆನ್ನಾಗಿ ಆಗುತ್ತದೆ, ಪ್ರಶ್ನೆಯೇ ಏಳುವುದಿಲ್ಲ. (ಇದು ಆಸ್ಪತ್ರೆಯ ಕಥೆಯಾಯಿತು.)

ಅಂತ್ಯ ಎರಡು: ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು ಕಾನೂನನ್ನೇ ತಿದ್ದುತ್ತಾರೆ. (ಇದು ಸಿನಿಮಾ.)

ಮೂರನೆಯದನ್ನು ಹುಡುಕುವಷ್ಟರಲ್ಲಿ ಅವಳೇ ವಕೀಲೆಗೆ ಉತ್ತರ ಹೇಳಿಬಿಟ್ಟಳು. ನಿಜವಾದ ಉತ್ತರ. ವಕೀಲೆ ನಿಟ್ಟುಸಿರುಬಿಟ್ಟು, ಹಾಗಿದ್ದರೆ ಅರ್ಜಿಯಲ್ಲಿ ಪೋಷಕಿ ಅಂತಲೇ ಹಾಕಬೇಕಾಗುತ್ತದೆ ಎಂದರು.

"ಮಗಳು ಅಂತಾನೇ ಬರೀರಿ ಮೇಡಂ."

"ಕೋರ್ಟಲ್ಲಿ ಆ ಪದಾನ ಹೊಡೆದುಹಾಕ್ತಾರಮ್ಮಾ."

"ಹಾಕ್ಲಿ. ನನ್ನೆದುರು ಕೂತು, ಅವರ ಕೈಯಾರೆ ಹಾಕ್ಲಿ. ನಾನ್ಯಾಕೆ ಮೊದಲೇ ಅದನ್ನ ಹೊಡೆದುಹಾಕ್ಕೊಂಡು ಹೋಗ್ಲಿ?"

ವಕೀಲೆ ಬರೆದರು.

೫

ಕೋರ್ಟಿನ ಬೆಂಚಿನ ಮೇಲೆ ಅವಳು, ಹುಡುಗಿ, ತುಸು ದೂರದಲ್ಲಿ ಅಣ್ಣ. ಇನ್ನೂ ಕರೆ ಬಂದಿಲ್ಲ. ಅರ್ಜಿಯಲ್ಲಿನ ಆ ಪದವನ್ನು ಹೊಡೆದುಹಾಕುವ ಅಧಿಕಾರ ನ್ಯಾಯಾಧೀಶರನ್ನು ಬಿಟ್ಟರೆ ನನಗೆ ಮಾತ್ರ ಇದೆ. ಓದುತ್ತಿರುವ ನೀವೂ ಅಂತ್ಯಕ್ಕೆ ಕಾಯುತ್ತಿದ್ದೀರಿ, ಗೊತ್ತು.

ಪೆನ್ನಿಗೆ ಮುಚ್ಚಳ ಹಾಕಿದೆ. ಮಗಳು ಎಂದು ಬರೆದದ್ದು ಅಲ್ಲಿ ಹಾಗೇ ಇದೆ.