ಕೊಳವೆಯೊಳಗೆ ಇನ್ನೊಮ್ಮೆ

ಅಳಿಸುವ ಆಜ್ಞೆ ಬರೆದು ಎಂಟರ್ ಒತ್ತಿದ ಮೇಲೆ ಕಪ್ಪು ಪರದೆಯಲ್ಲಿ ಮೂಡಿದ್ದು ಒಂದೇ ಸಾಲು: ‘ಕೆಟ್ಟದ್ದು’ ಎಂಬ ಫೋಲ್ಡರ್ ಇಲ್ಲ.

ಇಲ್ಲ ಅಂದರೆ? ಈಗ ತಾನೇ ಇತ್ತಲ್ಲ! ಸ್ಕ್ಯಾನ್ ವಿಭಾಗದ ಕಂಪ್ಯೂಟರ್ ನೋಡಿಕೊಳ್ಳುವವಳು ಮತ್ತೆ ಪಟ್ಟಿ ತೆಗೆದಳು. ಅಳಿಸಬೇಕಿದ್ದ ‘ಬೆನ್ನು ಕೆಟ್ಟದ್ದು’ ಕದಲದೆ ಕೂತಿತ್ತು. ಅದರ ಪಕ್ಕದ ‘ಬೆನ್ನು’ ಮಾಯವಾಗಿತ್ತು.

ರೋಗಿ ಅಲುಗಾಡಿ ಮಸುಕಾದ ಚಿತ್ರಗಳನ್ನು, ಹೆಸರಿನ ಮುಂದೆ ಒಂದಿಷ್ಟು ಜಾಗ ಬಿಟ್ಟು ‘ಕೆಟ್ಟದ್ದು’ ಎಂದು ಬರೆದು ಬೇರೆ ಇಡುವುದು ಸ್ಕ್ಯಾನ್ ಮಾಡುವಾಕೆಯ ಅಭ್ಯಾಸ. ಆದರೆ ನಡುವೆ ಜಾಗ ಕಂಡರೆ ಕಂಪ್ಯೂಟರಿಗೆ ಅದು ಒಂದು ಹೆಸರಲ್ಲ, ಎರಡು. ಆಚೆಗೊಂದು ಈಚೆಗೊಂದು ಕೋಟ್ ಗುರುತು ಹಾಕಿ ಕಟ್ಟಿದರೆ ಮಾತ್ರ ಒಂದು. ಆರು ವರ್ಷದಿಂದ ಕಂಪ್ಯೂಟರಿನವಳು ಅದನ್ನು ಹಾಕುತ್ತಲೇ ಬಂದಿದ್ದಳು. ಇವತ್ತು ಊಟಕ್ಕೆ ಮುಂಚೆ ಮುಗಿಸಿಬಿಡುವ ಹಾಳು ಅವಸರದಲ್ಲಿ ಮರೆತಳು. ಚಿತ್ರಗಳಿನ್ನೂ ಡಾಕ್ಟರಿಗೆ ಹೋಗಿರಲಿಲ್ಲ, ಬೇರೆ ಪ್ರತಿಯೂ ಇರಲಿಲ್ಲ.

ಹೋದದ್ದು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿಯ ಬೆನ್ನಿನ ಚಿತ್ರಗಳು. ನಾಳೆ ಬೆಳಿಗ್ಗೆ ಅವಳಿಗೆ ಆಪರೇಷನ್. ಇವತ್ತು ಬೆಳಿಗ್ಗೆ ಎಂಆರ್‌ಐ ಮಷೀನಿನ ಕೊಳವೆಯೊಳಗಿಂದ “ಉಸಿರು ಕಟ್ತಾ ಇದೆ, ತೆಗೀರೋ!” ಎಂದು ಎರಡು ಸಲ ಕೂಗಿ ಹೊರಬಂದು, ಮೂರನೇ ಸಲ ಹಲ್ಲು ಕಚ್ಚಿಕೊಂಡು ಇಪ್ಪತ್ತೈದು ನಿಮಿಷ ಮಲಗಿದ್ದಳು.

“ಮಷೀನು ಕೈ ಕೊಡ್ತು ಅಂದ್ಬಿಡು,” ಸ್ಕ್ಯಾನ್ ಮಾಡುವಾಕೆ ಪಿಸುಗುಟ್ಟಿದಳು. “ಅದೇನು ಬಾಯಿಬಿಟ್ಟು ಅಲ್ಲ ಅನ್ನುತ್ತಾ?”

“ಬೇಡಕ್ಕ. ಅಜ್ಜಿ ಮುಖ ನೋಡಿ ಸುಳ್ಳು ಹೇಳಕ್ಕಾಗಲ್ಲ ನಂಗೆ.”

ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿ, ಚೀಲ ಮಡಿಲಲ್ಲಿಟ್ಟುಕೊಂಡು ತಯಾರಾಗಿದ್ದಳು. “ಆಯ್ತೇನಮ್ಮ? ಹೊರಡ್ಲಾ?”

“ಅಜ್ಜಿ, ನಿಮ್ಮ ಚಿತ್ರ ಎಲ್ಲಾ ಅಳಿಸಿಹಾಕ್ಬಿಟ್ಟೆ. ನನ್ನದೇ ತಪ್ಪು. ಇನ್ನೊಂದ್ಸಲ ಒಳಗೆ...”

“ಅಯ್ಯೋ, ನಿನ್ನ ಕೈ ಸೇದಿಹೋಗ!” ಅಜ್ಜಿ ಚೀಲವನ್ನು ಎದೆಗವಚಿಕೊಂಡಳು. “ಜೀವ ಹೋದ್ರೂ ಹೋಗಲ್ಲ ನಾನು.”

ಹೋಗದಿದ್ದರೆ ನಾಳೆ ಆಪರೇಷನ್ ಇಲ್ಲ. ಜೋಮು ಹಿಡಿದ ಕಾಲು ಹಾಗೇ. ಅದು ಇಬ್ಬರಿಗೂ ಗೊತ್ತಿತ್ತು. ಅಜ್ಜಿ ಚೀಲವನ್ನು ಬೆಂಚಿನ ಮೇಲಿಟ್ಟಳು.

“ನೀನು ಯಾವತ್ತಾದ್ರೂ ಅದರೊಳಗೆ ಮಲಗಿದ್ದೀಯಾ?”

“ಇಲ್ಲ ಅಜ್ಜಿ.”

“ಮತ್ತೆ! ಕೂತ್ಕೊಂಡು ಅಳಿಸೋಕೆ ಮಾತ್ರ ಬರುತ್ತೆ,” ಅಜ್ಜಿ ಚಪ್ಪಲಿ ಕಳಚಿದಳು. “ನಡಿ. ನೀನೂ ಬಾ ನನ್ನ ಜೊತೆ.”

ಕಂಪ್ಯೂಟರಿನವಳು ತನ್ನ ಬಳೆ, ಓಲೆ, ತಲೆಯ ಪಿನ್ನುಗಳನ್ನೆಲ್ಲ ತೆಗೆದು ತಟ್ಟೆಯಲ್ಲಿಟ್ಟು, ಸದ್ದು ತಡೆಯಲು ಕಿವಿಗೆ ಬಿರಟೆ ಒತ್ತಿಕೊಂಡು ಮಂಚದ ತುದಿಯಲ್ಲಿ ನಿಂತಳು. ಕೊಳವೆ ಅಜ್ಜಿಯನ್ನು ಒಳಗೆಳೆದುಕೊಂಡಿತು. ಹೊರಗೆ ಉಳಿದದ್ದು ಎರಡು ಪಾದ, ಒಡೆದ ಹಿಮ್ಮಡಿ. ಮಷೀನಿನ ಬಡಿತ ಶುರುವಾದದ್ದೇ ಅಜ್ಜಿಯ ಕಾಲ್ಬೆರಳುಗಳು ನಡುಗತೊಡಗಿದವು. ಅವಳು ಆಚೆಗೊಂದು ಈಚೆಗೊಂದು ಕೈಯಿಟ್ಟು ಎರಡು ಪಾದಗಳನ್ನೂ ಸೇರಿಸಿ ಹಿಡಿದಳು.

“ಅಲುಗಾಡಬೇಡಿ, ಇಬ್ರೂನೂ,” ಗಾಜಿನಾಚೆಯಿಂದ ಮೈಕಿನಲ್ಲಿ ಸ್ಕ್ಯಾನ್ ಮಾಡುವಾಕೆಯ ದನಿ ಬಂತು.

ಮೂಗು ತುರಿಸಿತು. ಅವಳು ಕೈ ತೆಗೆಯಲಿಲ್ಲ.