ಮಾಯವ್ವನ ಸಬ್ಬಸಗಿ ಮತ್ತು ಓಣಿಯ ಬೆಕ್ಕುಗಳು

ಮಾಯವ್ವ ಹದಿನಾರನೇ ವಯಸ್ಸಿಗೆ ತೋಳ ಓಡಿಸಿದವಳು. ಇಳಕಲ್ಲಿನ ಆ ಓಣಿಯಲ್ಲಿ ಇದನ್ನು ಅರಿಯದವರು ಯಾರೂ ಇರಲಿಲ್ಲ, ಏಕೆಂದರೆ ಅರಿಯದೆ ಇರಲು ಮಾಯವ್ವ ಯಾರಿಗೂ ಅವಕಾಶ ಕೊಟ್ಟಿರಲಿಲ್ಲ. ಬೇವೂರಿನ ಕುರಿಗಾರರ ಮಗಳು. ಮೂರುನೂರು ಕುರಿಯ ಹಟ್ಟಿಯ ಬಾಯಿಗೆ ಬಡಿಗೆ ಹಿಡಿದು ನಿಂತು, ಕುಲದೇವರು ಬೀರಪ್ಪನ ಹೆಸರು ಹೇಳಿ ಎರಡು ತೋಳಗಳನ್ನು ಹಳ್ಳ ದಾಟಿಸಿದ್ದಳು. ಒಂದು ಮರಿಯೂ ಹೋಗಲಿಲ್ಲ. ಅಂಥವಳನ್ನು ಅರವತ್ತೆರಡನೇ ವಯಸ್ಸಿನಲ್ಲಿ ಮೊಣಕಾಲೆತ್ತರವೂ ಇಲ್ಲದ ಬೆಕ್ಕುಗಳು ಸೋಲಿಸಲು ಹೊರಟರೆ ಓಣಿಗೆ ನಗು ಬಾರದೆ ಇರುತ್ತದೆಯೆ?

ಅವಳ ಮನೆಯ ಹಿಂದೆ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಹಿತ್ತಲಿತ್ತು. ಅದಕ್ಕೆ ಅವಳು ತೋಟ ಎನ್ನುತ್ತಿದ್ದಳು, ಬೇರೆಯವರೂ ಹಾಗೆಯೇ ಅನ್ನಬೇಕಿತ್ತು. ಮದುವೆಯಾಗಿ ಬಂದಾಗ ಅಲ್ಲಿದ್ದದ್ದು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ, ಮಳೆಯಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುವ ಎರೆಮಣ್ಣು. ಅದನ್ನು ಪಳಗಿಸಿದ್ದು ಮಾಯವ್ವ. ತಮ್ಮ ಬೀರಲಿಂಗ ವರ್ಷಕ್ಕೆರಡು ಸಲ ಬೇವೂರಿನಿಂದ ಕುರಿಗೊಬ್ಬರದ ಚೀಲ ಕಳಿಸುತ್ತಿದ್ದ. ಅದನ್ನು ಒಣಗಿಸಿ, ಕುಟ್ಟಿ, ರೊಟ್ಟಿಯ ಹಿಟ್ಟಿಗೆ ಹಿಡಿದ ಹಾಗೆ ಸಾಣಿಗೆ ಹಿಡಿದು, ಸಣ್ಣ ಮರಳು ಬೆರೆಸಿ ಮಣ್ಣಿಗೆ ಕಲಸುತ್ತಿದ್ದಳು. ಇಪ್ಪತ್ತು ವರ್ಷ ಹೀಗೆ ನಡೆದ ಮೇಲೆ ಆ ಮಣ್ಣು ಹಿಡಿದರೆ ಬೆರಳ ಸಂದಿಯಿಂದ ಹರಿದುಹೋಗುವಷ್ಟು ಮೆತ್ತಗಾಯಿತು. ಅದರಲ್ಲಿ ಬೆಳೆದ ಮೆಂತ್ಯ, ರಾಜಗಿರಿ, ಸಬ್ಬಸಗಿ ಸೊಪ್ಪಿನ ಸೂಡುಗಳು ಓಣಿಯ ಮನೆಮನೆಗೂ ಹೋಗುತ್ತಿದ್ದವು. ಮಾರಿದ್ದು ಒಂದು ದಿನವೂ ಇಲ್ಲ. ಹೊಗಳಿಕೆ ಮಾತ್ರ ಬಾಕಿ ಉಳಿಯಲು ಬಿಡುತ್ತಿರಲಿಲ್ಲ.

ಗೋಡೆಯಾಚೆಯ ಮನೆ ಶಹರಬಾನುವಿನದು. ನೇಕಾರರ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು. ಮನೆಯ ತುಂಬ ರೇಷ್ಮೆ ನೂಲು. ನೂಲಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು ಬೇಕೇ ಬೇಕು. ಅವಳ ಬಳಿ ಮೂರಿದ್ದವು, ಆ ಮೂರರ ನೆಂಟರು ಎಷ್ಟೋ. ಹದಿನೆಂಟು ವರ್ಷದಿಂದ ಆ ಗೋಡೆಯ ಮೇಲೆ ಪಲ್ಲೆ ಈಚೆಯಿಂದ ಆಚೆಗೂ, ರಂಜಾನಿನ ಸುರಕುಂಬಾ ಪಾಯಸದ ಬಟ್ಟಲು ಆಚೆಯಿಂದ ಈಚೆಗೂ ದಾಟುತ್ತಲೇ ಇದ್ದವು. ಮಾಯವ್ವನಿಗಿಂತ ಹತ್ತು ವರ್ಷ ಚಿಕ್ಕವಳಾದ ಅವಳು ಬಾಯಿತುಂಬ ಅಕ್ಕಾ ಎನ್ನುತ್ತಿದ್ದಳು.

ಈ ವರ್ಷ ಬೆಕ್ಕುಗಳು ಕೆಟ್ಟವು. ದಿನ ಬೆಳಗಾದರೆ ಸೊಪ್ಪಿನ ಮಡಿಯಲ್ಲಿ ಒಂದೆರಡು ಕಡೆ ಮಣ್ಣು ಕೆದರಿ ಗುಪ್ಪೆಯಾಗಿರುತ್ತಿತ್ತು, ಕೆಳಗೆ ಏನಿದೆ ಎಂದು ಕೈಯಾಡಿಸಿದವರಿಗೆ ಗೊತ್ತು. ಮೊದಮೊದಲು ಮಾಯವ್ವ ಕಳೆ ತೆಗೆಯುವ ಕುರುಪಿಯಲ್ಲಿ ಎತ್ತಿ ಒಗೆದು ಸುಮ್ಮನಾದಳು. ಕುರಿ ಹಿಕ್ಕೆಯಲ್ಲೇ ಬೆಳೆದವಳಿಗೆ ಹೇಸಿಗೆ ಎಲ್ಲಿಯದು?

ಆದರೆ ಸೊಸೆ ಸುಧಾರಾಣಿ ಐದು ತಿಂಗಳ ಬಸುರಿ. ಒಂದು ದಿನ ದವಾಖಾನೆಯಿಂದ ಬಂದವಳು, ಬೆಕ್ಕಿನ ಹೊಲಸು ಬಿದ್ದ ಮಣ್ಣು ಮುಟ್ಟಬಾರದಂತೆ, ಅದರಿಂದ ಹೊಟ್ಟೆಯ ಕೂಸಿಗೆ ಅಪಾಯವಂತೆ ಎಂದು ಡಾಕ್ಟರು ಹೇಳಿದ್ದನ್ನು ತಲೆ ತಗ್ಗಿಸಿಕೊಂಡೇ ಹೇಳಿದಳು. ಅಂದಿನಿಂದ ತಾಟಿನಲ್ಲಿ ಪಲ್ಲೆ ಬಿದ್ದರೆ ಅತ್ತೆಯ ಮನಸ್ಸು ನೋಯದ ಹಾಗೆ ಒಂದು ಬದಿಗೆ ಸರಿಸತೊಡಗಿದಳು. ಅದು ಮಾಯವ್ವನ ಕಣ್ಣಿಗೆ ಬೀಳದೆ ಇರುತ್ತದೆಯೆ? ಮೂರು ವರ್ಷದಿಂದ ಬೆರಳು ಚೀಪುತ್ತ ಉಂಡ ಸೊಸೆ ಅವಳು. ತೋಳದ ಮುಂದೆ ಅಳುಕದ ಎದೆ ಆ ತಾಟಿನ ಅಂಚು ನೋಡಿ ಅಳುಕಿತು.

ಮಗ ಮಹಾಂತೇಶನಿಗೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮೂರನೇ ದಿನ ಟಂಟಂ ಗಾಡಿಯಲ್ಲಿ ಫರಶಿ ಕಲ್ಲು ತಂದು ಹಿತ್ತಲ ಗೋಡೆಗೆ ಆನಿಸಿದ. ಇಡೀ ಊರೇ ಅಂಗಳಕ್ಕೆ ಕಲ್ಲು ಹಾಸುವಾಗ ತಮ್ಮ ಮನೆಯಲ್ಲೇ ಏಕೆ ಮಣ್ಣು ಎಂಬುದು ಅವನ ಹಳೆಯ ಮಾತು. ಈಗ ಅದಕ್ಕೆ ಕಾರಣವೂ ಕೂಡಿಬಂದಿತ್ತು.

“ಯವ್ವಾ, ನಿನ್ನ ತ್ವಾಟದ ಮ್ಯಾಲೆ ನನಗೇನೂ ಸಿಟ್ಟಿಲ್ಲ,” ಎಂದ. “ಆದ್ರ ಹುಟ್ಟೂ ಕೂಸಿಗಿಂತ ಪಲ್ಲೆ ದೊಡ್ಡದಲ್ಲ. ಕುಬಸದೊಳಗ ಈ ಬೆಕ್ಕು ಬರೂದು ನಿಂತ್ರ ಛಲೋ. ಇಲ್ಲಂದ್ರ ಫರಶಿ ಹಾಸ್ತೇನಿ.”

ಬಸುರಿಗೆ ಏಳನೇ ತಿಂಗಳಿಗೆ ಮಾಡುವ ಕುಬಸದ ಶಾಸ್ತ್ರಕ್ಕೆ ಇನ್ನೂ ಎರಡು ತಿಂಗಳಿತ್ತು. ಮಗನ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ, ಅದಕ್ಕೇ ಮಾಯವ್ವನಿಗೆ ಇನ್ನಷ್ಟು ಸಿಟ್ಟು ಬಂತು. ನಿಲ್ಲಿಸುತ್ತೇನೆ ಎಂದಳು, ಅಷ್ಟೇ.

ಆ ಸಿಟ್ಟು ನೇರವಾಗಿ ಗೋಡೆ ದಾಟಿತು. ಓಣಿಯ ನಳಕ್ಕೆ ನೀರು ಬಿಡುವ ಹೊತ್ತು, ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ನಿನಗೆ ಬೆಕ್ಕುಗಳಿಗೆ ತಿನ್ನಿಸಲು ಬರುತ್ತದೆ, ಕಲಿಸಲು ಬರುವುದಿಲ್ಲ, ಅವು ನನ್ನ ಮನೆತನ ಹಾಳು ಮಾಡಲು ಹುಟ್ಟಿವೆ ಎಂದು ಮಾಯವ್ವ ಎಲ್ಲರ ಮುಂದೆ ಶಹರಬಾನುವಿನ ಮೇಲೆ ಹರಿಹಾಯ್ದಳು. ಶಹರಬಾನುವಿನ ಮುಖ ಸಣ್ಣದಾಯಿತು. ಆದರೆ ಅವಳೇನು ಬಾಯಿಲ್ಲದವಳೆ?

“ಬೆಕ್ಕು ನನ್ನವು, ಖರೆ,” ಎಂದಳು. “ನನ್ನ ನೂಲಿನ ಮ್ಯಾಲೆ ಒಂದು ದಿನಾನೂ ಹೊಲಸ ಮಾಡಿಲ್ಲ ಅವು. ನಿನ್ನ ತ್ವಾಟಕ್ಕ ಯಾಕ ಬರ್ತಾವು, ನೀನ ನೋಡ್ಕೋ ಅಕ್ಕಾ.”

ಅಂದಿನಿಂದ ಗೋಡೆಯ ಮೇಲೆ ಏನೂ ದಾಟಲಿಲ್ಲ, ಬೆಕ್ಕುಗಳ ಹೊರತು.

ಇನ್ನು ಮಾಯವ್ವನ ಯುದ್ಧ. ಮೊದಲು ಕುರಿಹಟ್ಟಿಗೆ ಹಾಕುವ ಹಾಗೆ ಸುತ್ತ ಜಾಲಿಮುಳ್ಳು ಹಾಕಿದಳು. ತೋಳಕ್ಕೆ ಹೇಳಿ ಮಾಡಿಸಿದ ಬೇಲಿ ಅದು. ಬೆಕ್ಕು ಗೋಡೆಯಿಂದ ನೇರ ಮಡಿಗೇ ಜಿಗಿಯಿತು. ಮುಳ್ಳು ಚುಚ್ಚಿದ್ದು ಮಾಯವ್ವನ ಕೈಗೆ. ಕಾರದಪುಡಿ ಚೆಲ್ಲು ಎಂದು ಯಾರೋ ಹೇಳಿಕೊಟ್ಟರು. ಮೂಕ ಪ್ರಾಣಿಯ ಮೂಗಿಗೆ ಕಾರ ಹಾಕುವುದು ಕುರಿಗಾರರ ಮನೆಯ ರೀತಿಯಲ್ಲ ಎಂದು, ಹಾಗೆ ಹೇಳಿಕೊಟ್ಟವರನ್ನೇ ಬೈದು ಕಳಿಸಿದಳು.

ಆಮೇಲೆ ಅವಳಿಗೆ ಕಂಬಳಿಯ ನೆನಪಾಯಿತು. ಅಪ್ಪ ಹೊದೆಯುತ್ತಿದ್ದ ಕರಿಕಂಬಳಿ ಪೆಟ್ಟಿಗೆಯಲ್ಲಿತ್ತು. ಕಂಬಳಿ ಅವರ ಮನೆಯಲ್ಲಿ ಬರೀ ಹೊದಿಕೆಯಲ್ಲ, ಚಪ್ಪಲಿ ಮೆಟ್ಟಿ ಅದರ ಮೇಲೆ ಕಾಲಿಡುವವರಿಲ್ಲ. ಕಂಬಳಿಯ ಮೇಲೆ ಹೊಲಸು ಮಾಡಿದ ಪ್ರಾಣಿಯನ್ನು ತಾನು ಹುಟ್ಟಿದಾರಭ್ಯ ಕಂಡಿಲ್ಲ ಎಂದು ಸೊಸೆಗೆ ಹೇಳುತ್ತ, ಮತ್ತೆ ಬೀಜ ಹಾಕುವವರೆಗೆ ಇರಲಿ ಎಂದು ಅದನ್ನು ಸೊಪ್ಪು ಕಿತ್ತು ಖಾಲಿಯಾಗಿದ್ದ ಮಡಿಯ ಮೇಲೆ ಹಾಸಿದಳು. ಅವಳ ಮಾತು ಸುಳ್ಳಾಗಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಕಂಬಳಿಯ ಮೇಲೆ ಹೊಲಸು ಇರಲಿಲ್ಲ. ಶಹರಬಾನುವಿನ ಬೂದು ಬೆಕ್ಕು ಮೂರು ಮರಿ ಹಾಕಿ ಮಲಗಿತ್ತು.

ಈಗ ಏನು ಮಾಡುವುದು? ಒಳಗೆ ಬಸುರಿ ಸೊಸೆಯನ್ನು ಇಟ್ಟುಕೊಂಡು ಹೊರಗಿನ ಬಾಣಂತಿಯನ್ನು ಎಬ್ಬಿಸುವುದುಂಟೆ? ತೋಳ ಓಡಿಸಿದ ಮಾಯವ್ವ ದಿನಾ ಎರಡು ಹೊತ್ತು ಬೆಕ್ಕಿಗೆ ಹಾಲು ಇಡತೊಡಗಿದಳು. ಓಣಿಯಲ್ಲಿ ಕೊಡ ಹಿಡಿದವರೆಲ್ಲ ಬಾಣಂತಿ ಹೇಗಿದ್ದಾಳೆ ಎಂದು ಕೇಳಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮಾಯವ್ವ ಕುತ್ತಿಗೆ ನೆಟ್ಟಗೆ ಇಟ್ಟುಕೊಂಡೇ ಕೊಡ ಹೊತ್ತಳು.

ಹನ್ನೆರಡನೇ ದಿನ ಬೆಕ್ಕು ತನ್ನ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಶಹರಬಾನುವಿನ ಮನೆಗೆ ಸಾಗಿಸಿತು. ಮಾಯವ್ವ ಕಂಬಳಿ ಎತ್ತಿ ಒಗೆಯಲು ಹಾಕಿ, ಅಡುಗೆಮನೆಯ ಕಿಟಕಿಯಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಮರಿ ಸಾಗಿಸಿ ಹಗುರಾದ ಬೆಕ್ಕು ತಿರುಗಿ ಬಂತು. ಬಚ್ಚಲ ಪಕ್ಕದ ಗಟ್ಟಿ ನೆಲ ಮೂಸಿತು, ಬೇಡವೆಂದಿತು. ಗೋಡೆಯ ಬದಿಯ ಬೇವಿನ ಗಿಡದ ಬುಡದಲ್ಲಿ ಒಂದು ಸಲ ಕಾಲು ಕೆರೆಯಿತು, ಬೇಡವೆಂದಿತು. ಮಡಿಗೆ ಬಂದು ಮುಂಗಾಲು ಊರಿತಷ್ಟೇ, ಮಣ್ಣು ತಾನಾಗಿ ಸರಿಯಿತು. ಕೆಲಸ ಮುಗಿಸಿ, ಮುಚ್ಚಿ, ಬಾಲ ಎತ್ತಿ ಹೋಯಿತು.

ಮಾಯವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಹೆಂಚಿನ ಮೇಲಿನದು ಕರಿಯಾಯಿತು.

ಅವಳ ಅಪ್ಪನ ಕಾಲದಲ್ಲಿ ಹೊಲದವರು ಮನೆಗೆ ಬಂದು ಕರೆಯುತ್ತಿದ್ದರು. ನಮ್ಮ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ತರುಬಿ ಮಲಗಿಸು ಎಂದು ಜೋಳ ಕೊಟ್ಟು ಕರೆಯುತ್ತಿದ್ದರು, ಕುರಿ ಹಿಕ್ಕೆ ಹಾಕಿದ ಹೊಲಕ್ಕೆ ಬೇರೆ ಗೊಬ್ಬರ ಬೇಡವಲ್ಲ. ಅಪ್ಪ ಯಾವ ಹೊಲದಲ್ಲಿ, ಯಾವ ಮೂಲೆಯಲ್ಲಿ ಬೇಕೋ ಅಲ್ಲೇ ಮಂದೆ ಕೂಡಿಸುತ್ತಿದ್ದ. ಪ್ರಾಣಿಗೆ ಎಲ್ಲಿ ಬೇಡ ಎಂದು ಎಷ್ಟು ಹೇಳಿದರೂ ತಿಳಿಯುವುದಿಲ್ಲ, ಎಲ್ಲಿ ಬೇಕು ಎಂದು ತೋರಿಸಬೇಕು ಎನ್ನುತ್ತಿದ್ದ. ಆ ವಿದ್ಯೆಯಲ್ಲಿ ಬೆಳೆದವಳು ತಾನೇ ಸಾಣಿಗೆ ಹಿಡಿದು, ಈ ವರ್ಷ ಮರಳನ್ನೂ ಹೆಚ್ಚು ಬೆರೆಸಿ, ಬೆಕ್ಕುಗಳಿಗೆ ಹಾಸಿಗೆ ಹಾಸಿಕೊಟ್ಟು, ಬಂದವು ಎಂದು ಓಣಿಯ ಮುಂದೆ ಕೂಗಾಡಿದ್ದಳು. ಅವಳಿಗೆ ನಾಚಿಕೆಯಾಯಿತು. ಸುಳ್ಳೇಕೆ, ಒಳಗೊಳಗೆ ಒಂಚೂರು ಹೆಮ್ಮೆಯೂ ಆಯಿತು.

ಮರುದಿನ ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೊಸೆಯನ್ನು ಹಿತ್ತಲಿಗೆ ಬರದಂತೆ ತಡೆದು, ಮಡಿಯ ಮೇಲಿನ ಗೇಣು ಮಣ್ಣನ್ನೆಲ್ಲ ತೆಗೆದು ಚೀಲ ತುಂಬಿದಳು. ಬೀರಲಿಂಗನಿಗೆ ಫೋನು ಮಾಡಿ ಹೊಸ ಗೊಬ್ಬರ ತರಿಸಿದಳು. ಹೊಸ ಮಣ್ಣು ಹಾಕಿ, ಮೆಂತ್ಯ ಮತ್ತು ಸಬ್ಬಸಗಿ ಬಿತ್ತಿ, ಮೇಲೆ ತೊಗರಿ ಕಟ್ಟಿಗೆಯನ್ನು ಅಡ್ಡಡ್ಡ ಉದ್ದುದ್ದ ಹೆಣೆದು ಹಾಸಿದಳು. ಸಸಿ ತಲೆ ಎತ್ತಬೇಕು, ಬೆಕ್ಕಿನ ಕಾಲು ಇಳಿಯಬಾರದು, ಅಷ್ಟೇ ಸಂದಿ. ಬೆಳಗ್ಗೆ ಸಂಜೆ ನೀರು ಚಿಮುಕಿಸಿ ಮಣ್ಣು ಹಸಿಯಾಗಿಟ್ಟಳು, ಒದ್ದೆಗೆ ಕಾಲಿಡಲು ಬೆಕ್ಕು ಹೇಸುತ್ತದೆ. ಇನ್ನು ಗೋಡೆಯ ಮೂಲೆಯಲ್ಲಿ, ಬೇವಿನ ಆಚೆ, ಎರಡು ಮೊಳದ ಕುಣಿ ತೋಡಿ ಸಾಣಿಗೆ ಹಿಡಿದ ಸಣ್ಣ ಮರಳು ತುಂಬಿದಳು. ಹಳೆಯ ಗುಪ್ಪೆಯಲ್ಲಿ ಒಂದನ್ನು ಕುರುಪಿಯಿಂದ ಎತ್ತಿ ಅಲ್ಲಿಟ್ಟಳು. ಮಂದೆಗೆ ತನ್ನ ವಾಸನೆಯೇ ದಾರಿ.

ನಾಲ್ಕು ದಿನ ಬೆಕ್ಕುಗಳು ತೊಗರಿ ಕಟ್ಟಿಗೆಯ ಸುತ್ತ ತಿರುಗಿ, ಕಾಲು ಕೊಡವಿ, ಮಾಯವ್ವನ ಕಡೆ ನೋಡಿ ಕೂಗಿದವು. ಐದನೇ ದಿನ ಬೂದು ಬೆಕ್ಕು ಮೂಲೆಯ ಮರಳಿಗೆ ಹೋಯಿತು. ಅಂದು ಮಾಯವ್ವ ಇಷ್ಟಗಲ ಮುಖ ಮಾಡಿಕೊಂಡು, ಹಟ್ಟಿಯ ಹಿಕ್ಕೆ ಬಳಿಯುವ ಹಾಗೆ ಆ ಮೂಲೆಯ ಹೊಲಸು ಬಳಿದೆತ್ತಿ ಹೊಸ ಮರಳು ಹಾಕಿದಳು. ಆಮೇಲೆ ದಿನವೂ ಅದೇ ಕೆಲಸ. ಒಂದು ದಿನ ತಲೆ ಎತ್ತಿದರೆ ಗೋಡೆಯ ಮೇಲೆ ಶಹರಬಾನುವಿನ ಮುಖ. ಒಂದು ಗಳಿಗೆ ನೋಡಿ ಇಳಿದು ಹೋದಳು. ಆದರೆ ಮರಿಗಳಿಗೆ ಓಡಾಡುವ ಕಾಲು ಬಂದಾಗ ಶಹರಬಾನು ತಾನೇ ಅವನ್ನು ತಂದು ಗೋಡೆಯಿಂದ ಬಗ್ಗಿ ಮರಳಿನಲ್ಲಿ ಬಿಡತೊಡಗಿದಳು. ಮಾತಾಡುವ ಸರದಿ ತನ್ನದು ಎಂದು ಮಾಯವ್ವನಿಗೆ ಗೊತ್ತಿತ್ತು. ಇವತ್ತು ಬೇಡ, ನಾಳೆ ಎಂದು ದಿನಾ ಮುಂದೂಡಿದಳು.

ಮಹಾಂತೇಶ ದಿನಾ ಕೆಲಸಕ್ಕೆ ಹೋಗುವ ಮುಂಚೆ ಹಿತ್ತಲಿಗೊಂದು ಸುತ್ತು ಹಾಕುತ್ತಿದ್ದ. ಒಂದು ವಾರ, ಎರಡು ವಾರ, ನಾಲ್ಕು ವಾರ. ಮಡಿಯಲ್ಲಿ ಒಂದು ಗುಪ್ಪೆಯಿಲ್ಲ. ಆದರೂ ಫರಶಿ ಗೋಡೆಗೆ ಆನಿಕೊಂಡೇ ಇದ್ದವು. ಬೆಕ್ಕು ನಿಂತಿರಬಹುದು, ಸುಧಾ ಉಣ್ಣದಿದ್ದರೆ ಬೆಳೆದೇನು ಫಲ ಎಂದ. ಮಾಯವ್ವ ಹೋಗಿ ಸಬ್ಬಸಗಿಗೆ ನೀರು ಚಿಮುಕಿಸಿದಳು.

ಕುಬಸದ ದಿನ ಬಂತು. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಸುಧಾರಾಣಿ ಮಣೆಯ ಮೇಲೆ ಕುಳಿತಿದ್ದಳು. ಓಣಿಯ ಹೆಂಗಸರು ಬಂದರು. ಶಹರಬಾನು ಉಡುಗೊರೆಗೆ ರವಿಕೆಯ ಖಣ ಹಿಡಿದು ಬಂದು ಬಾಗಿಲ ಬಳಿಯೇ ಕುಳಿತಳು. ಆರತಿ ಮುಗಿದು ಪಂಕ್ತಿ ಕುಳಿತಾಗ ಮಾಯವ್ವ ಉಪ್ಪುನೀರಿನಲ್ಲಿ ಮೂರು ಸಲ ತೊಳೆದು ಬೇಯಿಸಿದ ಸಬ್ಬಸಗಿ ಪಲ್ಲೆಯ ಬೋಗುಣಿ ಎತ್ತಿಕೊಂಡು ಹೊರಬಂದಳು. ಮೊದಲ ತಾಟಿಗೆ ಬಡಿಸುವಷ್ಟರಲ್ಲಿ ಹಿರಿಯಳೊಬ್ಬಳು, ಇದು ಆ ಬೆಕ್ಕಿನ ತೋಟದ್ದೇ ಏನು ಎಂದು ಕೇಳಿ ಕೈ ಅಡ್ಡ ಹಿಡಿದಳು.

ಮಾಯವ್ವ ಬೋಗುಣಿ ಕೆಳಗಿಡಲಿಲ್ಲ.

“ಹೌದು, ಅದ ತ್ವಾಟದ್ದು,” ಎಂದಳು. “ಮಣ್ಣು ಹೊಸಾದು, ಬೀಜ ಹೊಸಾದು, ತಿಂಗಳ ಮ್ಯಾಲಾತು ಒಂದು ಬೆಕ್ಕು ಕಾಲಿಟ್ಟಿಲ್ಲ. ಇನ್ನೊಂದು ಮಾತು. ಬಾನುಗ ನಾ ಓಣಿ ಮುಂದ ಬೈದಿದ್ದೆ, ಓಣಿ ಮುಂದನ ಹೇಳ್ತೇನಿ. ಆಕಿ ಬೆಕ್ಕಿಂದೇನೂ ತಪ್ಪಿಲ್ಲ. ಇಳಕಲ್ಲಾಗ ಮಣ್ಣಿಗೇನು ಬರ ಬಂದೈತೇನು? ಎಲ್ಲಾ ಬಿಟ್ಟು ನನ್ನ ಮಡೀನ ಯಾಕ ಹುಡುಕ್ಕೊಂಡು ಬಂದ್ವು? ಅಂಥಾ ಮಣ್ಣು ಮಾಡಿದಾಕಿ ನಾನ. ತಪ್ಪೂ ನಂದ, ಮಣ್ಣೂ ನಂದ.”

ಬಾಗಿಲ ಬಳಿಯಿಂದ ಶಹರಬಾನು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ತಪ್ಪು ಒಪ್ಪಿಕೊಳ್ಳುವಾಗಲೂ ಈಕೆಯ ಜಂಬ ಇಳಿಯುವುದಿಲ್ಲ ನೋಡಿರಿ ಎಂದು ಪಕ್ಕದವಳಿಗೆ ಹೇಳುತ್ತ ಎದ್ದು ಬಂದು ಪಂಕ್ತಿಯ ನಡುವೆ ಕುಳಿತು, ಮೊದಲು ನನಗೆ ಹಾಕು ಅಕ್ಕಾ ಎಂದು ತಾಟು ಚಾಚಿದಳು. ಮಾಯವ್ವ ಬಡಿಸಿದಳು. ಆದರೆ ಅವಳ ಕಣ್ಣು ಮಣೆಯ ಮೇಲಿನ ಸೊಸೆಯ ಕಡೆಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತ ಮಹಾಂತೇಶನ ಕಣ್ಣೂ ಅಲ್ಲೇ.

ಸುಧಾರಾಣಿ ಬಳೆ ಸರಿಸಿಕೊಂಡು ಕೈ ಚಾಚಿ, ತನ್ನ ತಾಟಿಗೆ ಪಲ್ಲೆ ಹಾಕಿಸಿಕೊಂಡಳು. ರೊಟ್ಟಿ ಮುರಿದು ಒಂದು ತುತ್ತು ಉಂಡಳು, ಇನ್ನೊಂದು ಉಂಡಳು. ತಾಟಿನ ಅಂಚಿಗೆ ಏನೂ ಸರಿಸಲಿಲ್ಲ. ಮೂರನೇ ತುತ್ತು ಕಟ್ಟಿಕೊಳ್ಳುತ್ತ, ಎಲ್ಲರೂ ಕೇಳುವ ಹಾಗೆ, ಗಂಡನ ಕಡೆ ಒಂದು ಸಲ ನೋಡಿ ಹೇಳಿದಳು:

“ಅತ್ತಿ, ನಾ ಹಡದು ಬರೂದ್ರಾಗ ಇನ್ನೊಂದು ಮಡಿ ಸಬ್ಬಸಗಿ ಬಿತ್ತಿ ಇಡ್ರಿ. ಬಾಣಂತಿಗಿ ಬ್ಯಾರೆ ತ್ವಾಟದ್ದು ನಡಿಯಂಗಿಲ್ಲ.”