ಬತ್ಮಕಾನ್ ಅಪಾ ಹೊದಿಸಿದ ಪೆಟ್ಟಿಗೆ

ಚಳಿಗಾಲ ಬಂತೆಂದರೆ ನಮ್ಮ ಬೀದಿಯ ಮನೆಮನೆಯೂ ಕಲ್ಲಿದ್ದಲ ಹೊಗೆ ಕಾರುತ್ತದೆ. ಎದುರಿಗಿರುವ ಬಿಶ್ಕೆಕ್ ಪಟ್ಟಣವೇ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಮನೆಯ ಬತ್ಮಕಾನ್ ಅಪಾ ನಮ್ಮ ಬೀದಿಗೆಲ್ಲ ತಾಯಿ ಇದ್ದ ಹಾಗೆ. ಅವರ ಮನೆಯ ಒಲೆಯಿಂದ ಬಿಸಿನೀರಿನ ಕೊಳವೆ ಐದು ಕೋಣೆಗೂ ಹೋಗುತ್ತದೆ. ಯಾರೂ ಕೂರದ ಅತಿಥಿ ಕೋಣೆಯೇ ಎಲ್ಲಕ್ಕಿಂತ ಬೆಚ್ಚಗೆ!

ಈ ಸಲ ಅಪಾ ಅವರ ಸೊಸೆ ಜಿಪಾರ್ ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದಳು. "ಆ ಹೊಗೇಲಿ ಕೂಸನ್ನ ಇಟ್ಕೊಳಲ್ಲ. ಚಳಿಗಾಲ ಮುಗಿಯೋವರೆಗೂ ತವರಲ್ಲೇ ಇರ್ತೀನಿ" ಎಂದು ಹೇಳಿ ಕಳಿಸಿದಳು. ತೊಟ್ಟಿಲು ಸಿಂಗರಿಸಿಕೊಂಡು ಕಾಯುತ್ತಿದ್ದ ಅಪಾ ಗಳಗಳ ಅತ್ತುಬಿಟ್ಟರು. ಮೊದಲ ಮೊಮ್ಮಗಳಲ್ಲವೇ!

"ಅಪಾ, ನಮ್ಮನೇಲಿರೋ ಹಾಗೆ ಗೋಡೆಗೆ ಬಿಸಿಗಾಳಿ ಎ.ಸಿ. ಹಾಕಿಸಿ. ಹೊಗೆ ಇಲ್ಲ, ಬೂದಿ ಇಲ್ಲ" ಎಂದೆ.

"ಬೇಸಿಗೇಲಿ ತಂಪು ಊದೋದು ಚಳೀಲಿ ಬಿಸಿ ಊದುತ್ತಾ? ಯಾರ ಕಿವಿಗೆ ಹೂ ಇಡ್ತೀಯೇ ತುರ್ಸುನೈ? ಒಂದು ಕೋಣೆ ಕಾಯಿಸಿದ್ರೆ ಉಳಿದವು?"

"ನೀವು ಉಣ್ಣೋದು, ಮಲಗೋದು ಎಲ್ಲಾ ಎರಡೇ ಕೋಣೇಲಿ. ಮನೆ ತುಂಬ ಜನ ಇದ್ರೆ ಕೊಳವೆಯೇ ಸರಿ, ಬೇಡ ಅನ್ನಲ್ಲ. ಖಾಲಿ ಕೋಣೆ ಯಾರಿಗೆ ಕಾಯಿಸ್ತೀರಿ?"

"ಅತಿಥಿ ಬಂದ್ರೆ?"

"ಆಗ ಒಲೆ ಹಚ್ಚಿ. ಕರೆಂಟ್ ಹೋದ್ರೂ ಹಚ್ಚಿ. ಒಲೇನ ಕಿತ್ತು ಎಸೀರಿ ಅಂದ್ನಾ ನಾನು?"

ಅಪಾ ಕೊನೆಗೂ ಒಪ್ಪಿದರು, ಅವರ ಮಗ ಉರ್ಮತ್ ಯಂತ್ರ ಹಾಕಿಸಿದ. ಹೊಗೆ ಇರಲ್ಲ ಎಂದು ಕೇಳಿ ಜಿಪಾರ್ ಬರಲು ಒಪ್ಪಿದಳು. ಕೂಸು ಬರುವ ದಿನ ಬೆಳಿಗ್ಗೆ ಅಪಾ ಬೇಲಿಯಾಚೆಯಿಂದ ಕೂಗಿದರು. "ಬಾರೇ ಮಹಾರಾಯ್ತಿ! ಕೋಣೆ ಮಂಜುಗಡ್ಡೆ ಆಗಿದೆ! ಸೊಸೆ ಹೊಸಲಲ್ಲೇ ತಿರುಗಿ ಹೋಗ್ತಾಳೆ ನೋಡು!"

ನಾನು ಬೇಲಿ ದಾಟಿದೆ. ಓಡಿ ಮನೆಯ ಹಿಂದೆ ಹೋಗಿ ನೋಡಿದರೆ ಎ.ಸಿ.ಯ ಹೊರಗಿನ ಪೆಟ್ಟಿಗೆ ಕಾಣಿಸುತ್ತಲೇ ಇಲ್ಲ. ಕುರಿ ಉಣ್ಣೆಯ ದಪ್ಪ ಹಾಸು ಸುತ್ತಿ, ಹಗ್ಗದಿಂದ ಬಿಗಿದಿದ್ದರು.

"ಅಯ್ಯೋ ಅಪಾ, ಇದೇನಿದು?"

"ಹಿಮದಲ್ಲಿ ಕೂತು ಗಡಗಡ ನಡುಗ್ತಿತ್ತು ಕಣೆ, ಪಾಪ. ಕುರಿಮರಿಗೂ ಹೊದಿಸ್ತೀವಿ, ಇದಕ್ಕೆ ಬೇಡ್ವಾ?"

ನಗು ತಡೆಯಲಾಗಲಿಲ್ಲ. ಆ ಪ್ರೀತಿಗೆ ಕಣ್ಣೂ ತುಂಬಿತು. "ಅಪಾ, ಹೊರಗಿನ ಗಾಳಿ ಎಷ್ಟೇ ತಣ್ಣಗಿದ್ರೂ ಅದ್ರಲ್ಲಿ ಚೂರು ಬಿಸಿ ಇರುತ್ತೆ. ಅದನ್ನ ಎಳ್ಕೊಂಡು ಒಳಗೆ ಕೊಡೋದೇ ಇದರ ಕೆಲಸ. ನೀವು ಮೂಗೇ ಮುಚ್ಚಿಬಿಟ್ರೆ ಎಲ್ಲಿಂದ ಕೊಡುತ್ತೆ?"

ಇಬ್ಬರೂ ಸೇರಿ ಹಗ್ಗ ಬಿಚ್ಚಿದೆವು. ಅಪಾ ಬಾಣಲೆಯಲ್ಲಿ ಹಿಟ್ಟಿನ ಬೋರ್ಸೋಕ್ ತಿಂಡಿ ಕರಿದು ಮುಗಿಸುವಷ್ಟರಲ್ಲಿ ಕೋಣೆ ಬೆಚ್ಚಗಾಗಿತ್ತು. ಜಿಪಾರ್ ಬಂದಳು. ಹೊಸಲಲ್ಲೇ ನಿಂತು ಮೂಸಿ ನೋಡಿದಳು. ಹೊಗೆಯ ವಾಸನೆ ಇರಲಿಲ್ಲ. ಕೋಟು ಬಿಚ್ಚಿಟ್ಟು, "ತಗೊಳ್ಳಿ ಅತ್ತೆ, ನಿಮ್ಮ ಮೊಮ್ಮಗಳು" ಎಂದಳು. ಅಪಾ ಆ ಉಣ್ಣೆಯ ಹಾಸನ್ನೇ ಕೊಡವಿ ತೊಟ್ಟಿಲ ಕೆಳಗೆ ಹಾಸಿದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಚಳಿಗಾಲದಲ್ಲಿ ನೀವು ಎಷ್ಟು ಕೋಣೆಯಲ್ಲಿ ಬಾಳುತ್ತೀರಿ ಎಂದು ಮೊದಲು ನೋಡಿಕೊಳ್ಳಿ. ಮನೆಯೆಲ್ಲ ತುಂಬಿದ್ದರೆ ಕೊಳವೆ ಇರಲಿ. ಒಂದೆರಡು ಕೋಣೆಯಾದರೆ ಗೋಡೆಯ ಯಂತ್ರ ಸಾಕು. ನಮ್ಮ ಚಳಿ ತಡೆಯುವಂಥದ್ದನ್ನೇ ಕೇಳಿ ಕೊಳ್ಳಿ. ಕರೆಂಟ್ ಹೋದಾಗಿನ ಆಸರೆಗೆ ಒಲೆ ಉಳಿಸಿಕೊಳ್ಳಿ. ಹೊರಗಿನ ಪೆಟ್ಟಿಗೆಯ ಸುತ್ತ ಗಾಳಿ ಆಡಲಿ. ಹೊದಿಸಲೇಬೇಕು ಅನ್ನಿಸಿದರೆ, ಒಳಗೆ ಕೂಸು ಮಲಗಿದೆ, ಅದಕ್ಕೆ ಹೊದಿಸಿ.